ಗ್ಯಾಲರಿ ತುಂಬ ಅಣ್ಣತಮ್ಮ

ಕಾರ್ಟೂನಿನಲ್ಲಿ ಕುಣಿಯುವ ಕರಡಿಯನ್ನು ಬರೆಯುವವರು ಬೇರೆ, ಕರಡಿಯ ಹಿಂದಿನ ಗುಡ್ಡ, ಗೋಡೆ, ಮೋಡ ಬರೆಯುವವರು ಬೇರೆ. ಇವನು ಎರಡನೆಯವನು. ಕರಡಿ ಬರೆದವನ ಬೆನ್ನು ತಟ್ಟುವವರು ಬೇಕಾದಷ್ಟು ಜನ, ಗೋಡೆ ಬರೆದವನನ್ನು ಕೇಳುವವರು ಯಾರು? ಆಫೀಸಿನಲ್ಲಿ ಇವನ ಹೆಸರೇ ‘ಹಿನ್ನೆಲೆ’ ಎಂದಾಗಿತ್ತು. "ಹಿನ್ನೆಲೆ, ಟೀ ಆಯ್ತಾ?" ಅನ್ನುತ್ತಿದ್ದರು. ಇವನೂ ಓಗೊಡುತ್ತಿದ್ದ.

ಆ ಬುಧವಾರ ಮನೆಯಲ್ಲೇ ಕೂತು ಕೆಲಸ. ಸಂಜೆ ಐದರೊಳಗೆ ಒಂದು ಕ್ರೀಡಾಂಗಣ ಮುಗಿಸಿ ಕಳಿಸಬೇಕಿತ್ತು. ಹುಲ್ಲು ಆಗಿತ್ತು, ಆಕಾಶ ಆಗಿತ್ತು, ಗ್ಯಾಲರಿ ಮಾತ್ರ ಬಿಕೋ ಅನ್ನುತ್ತಿತ್ತು. ಮೂರು ಸಾವಿರ ಜನರನ್ನು ಒಬ್ಬೊಬ್ಬರಾಗಿ ಬರೆಯುತ್ತ ಕೂತರೆ ಕರಡಿಗೆ ಮುಪ್ಪು ಬಂದೀತು. ಅದಕ್ಕೆಂದೇ ಈ ಕೆಲಸದವರು ತಮ್ಮ ಬ್ರಶ್ ತಾವೇ ಮಾಡಿಕೊಳ್ಳುತ್ತಾರೆ. ಕೂದಲೂ ಇಲ್ಲ, ಹಿಡಿಯೂ ಇಲ್ಲ. ಒಂದು ಎಲೆಯ ಆಕಾರ ಕತ್ತರಿಸಿ, ಇದೇ ಬ್ರಶ್ಶಿನ ತುದಿ ಅಂತ ಕಂಪ್ಯೂಟರಿಗೆ ಹೇಳಿಕೊಟ್ಟರಾಯಿತು, ಪೆನ್ನು ಒಮ್ಮೆ ಎಳೆದರೆ ಮರ ತುಂಬ ಎಲೆ. ಎಲೆಗೆ ಆಗುವುದು ಮನುಷ್ಯರಿಗೆ ಯಾಕಾಗಬಾರದು?

ಅಕ್ಕನ ಮದುವೆಯ ಫೋಟೋ ಕೈಗೆ ಸಿಕ್ಕಿತು. ಹನ್ನೆರಡು ಜನ ಒಂದೇ ಸಾಲಿನಲ್ಲಿ ನಿಂತಿದ್ದರು. ಒಬ್ಬೊಬ್ಬರನ್ನೇ ಕತ್ತರಿಸಿ, ಕಣ್ಣು ಮೂಗು ಅಳಿಸಿ, ಪೂರ್ತಿ ಕಪ್ಪು ಮಾಡಿದ. ಹನ್ನೆರಡು ಜನಕ್ಕೆ ಹನ್ನೆರಡು ತುದಿ ಆಗಬೇಕಿತ್ತು. ಆದದ್ದು ಹನ್ನೊಂದು. ಅಪ್ಪನನ್ನೂ ಚಿಕ್ಕಪ್ಪನನ್ನೂ ಬಿಡಿಸಲಾಗಲಿಲ್ಲ. ಚಿಕ್ಕಪ್ಪನ ಕೈ ಅಪ್ಪನ ಬೆನ್ನ ಹಿಂದಿನಿಂದ ಹೋಗಿ ಆಚೆ ಹೆಗಲ ಮೇಲೆ ಕೂತಿತ್ತು. ಎಲ್ಲಿ ಕತ್ತರಿಸಿದರೂ ಒಬ್ಬನಿಗೆ ಹೆಗಲ ಮೇಲೊಂದು ಗಂಟು, ಇನ್ನೊಬ್ಬನಿಗೆ ಒಂದೇ ಕೈ. ಅಷ್ಟು ಸಣ್ಣ ಜನರನ್ನು ಯಾರು ನೋಡ್ತಾರೆ ಅಂದುಕೊಂಡು ಇಬ್ಬರನ್ನೂ ಸೇರಿಸಿ ಒಂದೇ ತುದಿ ಮಾಡಿಬಿಟ್ಟ.

ಹಾಳು ಸೋಮಾರಿತನ! ಆ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ಒಂದು ಏಣಿ. ಚಿಕ್ಕಪ್ಪ ಒಯ್ದ, ಮೆಟ್ಟಿಲು ಮುರಿದ, ಹೇಳದೆ ಕೇಳದೆ ತಂದು ಗೋಡೆಗೆ ಒರಗಿಸಿ ಹೋದ. ಅಪ್ಪ ಹತ್ತಿದ, ಬಿದ್ದ. ಬಿದ್ದದ್ದಕ್ಕಿಂತ "ನೋಡ್ಕೊಂಡು ಹತ್ಬೇಕಪ್ಪ" ಅಂತ ತಮ್ಮ ಅಂದದ್ದು ಹೆಚ್ಚು ನೋಯಿಸಿತು. ಆಮೇಲೆ ಕೇಳಬೇಕೇ, ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಈಗ ಚಿಕ್ಕಪ್ಪ ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ. ನಾಳೆ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದೊಯ್ಯುತ್ತಾರೆ. "ಹೆಚ್ಚುಕಡಿಮೆ ಆದ್ರೆ ಆಮೇಲೆ ಯಾರ ಹತ್ರ ಜಗಳ ಆಡ್ತೀರಿ? ಹೋಗಿ ಮುಖ ತೋರಿಸಿ ಬನ್ನಿ" ಅಂತ ಅಮ್ಮ ಸೋಮವಾರದಿಂದ ಹೇಳಿ ಹೇಳಿ ಸೋತಿದ್ದಳು. "ಅವನು ಕರೀಲಿ, ಹೋಗ್ತೀನಿ" ಅಂತ ಅಪ್ಪ. ಎದೆ ಬಿಚ್ಚಿಸಿಕೊಳ್ಳಲು ಹೋದವನು ಆಮಂತ್ರಣ ಬೇರೆ ಕಳಿಸಬೇಕಂತೆ! ಹಿಂದಿನ ದಿನ ಮಗನೊಬ್ಬನೇ ಹೋಗಿ ನೋಡಿ ಬಂದಿದ್ದ. ಚಿಕ್ಕಪ್ಪ ಸೆಕೆಯ ಬಗ್ಗೆ, ಆಸ್ಪತ್ರೆ ಟೀ ಬಗ್ಗೆ ಮಾತಾಡಿದ, ಬಾಗಿಲು ಸದ್ದಾದಾಗಲೆಲ್ಲ ಆ ಕಡೆ ನೋಡಿದ. ಇವನಿಗೆ ಸೈಕಲ್ ಕಲಿಸಿದವನು ಅವನು. ಮಗನಿಗೆ ಚಿಕ್ಕಪ್ಪನಿಗೆ ಏನಾಗುತ್ತದೋ ಅಂತ ಭಯ, ಅಪ್ಪನ ಮೇಲೆ ಕೆಂಡದಂಥ ಸಿಟ್ಟು.

ಪೆನ್ನು ಎಳೆದ. ಎರಡೇ ನಿಮಿಷದಲ್ಲಿ ಗ್ಯಾಲರಿ ತುಂಬಿತು. ಅಷ್ಟರಲ್ಲಿ ಪೇಪರ್ ಹಿಡಿದುಕೊಂಡು ಅಪ್ಪ ಬಂದ.

"ಇದೇನೋ, ಇರುವೆ ಸಾಲು?"

"ಜನ."

ಅಪ್ಪ ಕನ್ನಡಕ ಏರಿಸಿ ಬಗ್ಗಿದ. ಮುಖವಿಲ್ಲ, ಮೂಗಿಲ್ಲ, ನಿಜ. ಆದರೆ ಹೊಟ್ಟೆ ಮುಂದೆ ಬಿಟ್ಟು, ಪಾದ ಎರಡೂ ಹೊರಗೆ ತಿರುಗಿಸಿ ನಿಲ್ಲುವುದು ಲೋಕದಲ್ಲಿ ಎಷ್ಟು ಜನಕ್ಕೆ ಬರುತ್ತದೆ?

"ಇದು ನಾನಲ್ವಾ?"

ಅಪ್ಪನ ಕಣ್ಣು ಪಕ್ಕಕ್ಕೆ ಸರಿಯಿತು.

"ಪಕ್ಕದಲ್ಲಿ ಅವನು! ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದ ಹಾಗಾಯ್ತು. ಇಲ್ಲೂ ಅವನೇ. ಅಯ್ಯೋ, ಇಲ್ಲೂ! ಎಷ್ಟಿದೀವೋ ನಾವು?"

"ಇನ್ನೂರ ಎಪ್ಪತ್ತು ಜೊತೆ."

"ಕತ್ತರಿಸು," ಅಂದ ಅಪ್ಪ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

ಮಗ ಆ ಒಂದು ತುದಿಯನ್ನು ತೆರೆದು ಪರದೆಯಗಲ ದೊಡ್ಡದು ಮಾಡಿದ. ಅಪ್ಪ ಅದರ ಮೇಲೆ ಬೆರಳೊತ್ತಿ, "ಇಲ್ಲಿ" ಅಂದ.

"ಅಲ್ಲಿ ಕತ್ತರಿಸಿದ್ರೆ ಚಿಕ್ಕಪ್ಪನ ಕೈ ನಿನ್ನ ಹೆಗಲ ಮೇಲೇ ಉಳಿಯತ್ತೆ."

"ಅವನ ಕೈ ಕಟ್ಕೊಂಡು ನಾನೇನು ಮಾಡ್ಲಿ? ಅವನದ್ದು ಅವನಿಗೆ ಕೊಡು."

"ಕೊಡೋಕೆ ಕೈ ಎಲ್ಲಿದೆ? ಕಾಣೋದು ನಾಲ್ಕು ಬೆರಳು. ಮಿಕ್ಕಿದ್ದೆಲ್ಲ ನಿನ್ನ ಬೆನ್ನ ಹಿಂದಿದೆ. ಹೊಸದಾಗಿ ಬರೀಬೇಕು."

"ಬರಿ. ಅದಕ್ಕೇ ತಾನೇ ನಿನಗೆ ಸಂಬಳ?"

ಮಗ ನೇರ ಇಳಿಬಿಟ್ಟ ಕೈ ಬರೆದ.

"ಥೂ, ಹೀಗೆ ನಿಲ್ತಾನಾ ಅವನು? ಮೇಷ್ಟ್ರಿಗೆ ಹೆದರಿ ನಿಂತ ಹಾಗಿದೆ."

ಜೇಬಿನೊಳಗೆ ತೂರಿಸಿದ. "ಜೇಬಿಗೆ ಕೈ ಹಾಕೋನಲ್ಲ." ಎದೆಯ ಮೇಲೆ ಕಟ್ಟಿಸಿದ. "ಅದು ಜಂಬದವರು ನಿಲ್ಲೋ ಥರ. ಅವನಲ್ಲಿ ಜಂಬ ಒಂದಿರ್ಲಿಲ್ಲ." ಹೇಳಿಬಿಟ್ಟ ಮೇಲೆ ಅಪ್ಪನಿಗೇ ಇರುಸುಮುರುಸಾಯಿತು.

"ಮತ್ತೆ ಹೇಗೆ ನಿಲ್ತಾನೆ? ತೋರಿಸು, ಬರೀತೀನಿ."

ಅಪ್ಪ ಎದ್ದ. ಪೇಪರ್ ಬದಿಗಿಟ್ಟು, ಕಿಟಕಿಯ ಮುಂದೆ ತಮ್ಮನಂತೆ ನಿಂತ. ಭಾರ ಎಡಗಾಲಿಗೆ, ಕತ್ತು ಒಂಚೂರು ವಾಲಿಸಿ. ಎಲ್ಲ ಅಚ್ಚುಕಟ್ಟು. ಆಮೇಲೆ ಬಲಗೈ ತಾನಾಗಿಯೇ ಪಕ್ಕಕ್ಕೆ ಎದ್ದು, ಯಾರೂ ಇಲ್ಲದ ಕಡೆ, ಹೆಗಲೆತ್ತರದಲ್ಲಿ ನಿಂತುಬಿಟ್ಟಿತು. ಅಪ್ಪ ಇಳಿಸಿದ. ಮೊದಲಿಂದ ನಿಂತ. ಕೈ ಮತ್ತೆ ಅಲ್ಲಿಗೇ ಹೋಯಿತು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನೋಡುತ್ತಿದ್ದಳು.

"ಬೇರೆ ಥರ ನಿಂತಿದ್ದೇ ನೆನಪಿಲ್ವಲ್ಲೋ," ಅಂದ ಅಪ್ಪ. "ಸಣ್ಣವನಿದ್ದಾಗಿಂದ ಹೀಗೇ. ಎಟುಕದೇ ಇದ್ದಾಗ ತುದಿಗಾಲಲ್ಲಿ ನಿಂತು ಹಾಕ್ತಿದ್ದ."

ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದ. ಅಂಗಿ ಬದಲಾಯಿಸಿದ. ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ, "ಎಲ್ಲಿಗೆ?" ಅಂದಳು.

"ಇವನ ಕೆಲಸಕ್ಕೇ. ಐದರೊಳಗೆ ಕಳಿಸಬೇಕಂತಲ್ಲ. ಒಬ್ಬನೇ ಇದ್ದಾಗ ಅವನು ಹೇಗೆ ನಿಲ್ತಾನೆ ಅಂತ ನೋಡಿ ಬರ್ತೀನಿ."

"ಸರಿಯಾಗೇ ನೋಡ್ಕೊಂಡು ಬನ್ನಿ. ಕೆಲಸ ನಿಲ್ಲಬಾರದು," ಅಂದಳು ಅಮ್ಮ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ. ಬಾಗಿಲು ಹಾಕಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಫೋನ್ ಬಂತು.

"ಹೇಗೆ ನಿಂತಿದಾನಪ್ಪ?" ಅಂದ ಮಗ. ಪೆನ್ನು ಕೈಯಲ್ಲೇ ಇತ್ತು.



"ನಿಂತಿಲ್ಲ ಕಣೋ, ಮಲಗಿದಾನೆ. ಒಂದೇ ಕೈಯಲ್ಲಿ ಫೋನ್ ಮಾಡಿದೀನಿ, ಇನ್ನೊಂದನ್ನ ಬಿಡ್ತಾನೇ ಇಲ್ಲ. ಅವನು ಎದ್ದು ನಿಲ್ಲೋ ತನಕ ಇಲ್ಲೇ ಇರ್ತೀನಿ. ಅಲ್ಲೀತನಕ ನೀನು ಏನೂ ಕತ್ತರಿಸ್ಬೇಡ."