ನಾಟಕದ ಹುಡುಗಿಯನ್ನು ಕೇಳಲು ಬಂದವರು

ನಮ್ಮ ನಾಟಕ ತಂಡದಲ್ಲಿ ಸೀರೆ ಸುಶಾಂತನಿಗೆ, ಮೀಸೆ ನನಗೆ.

ಮೊದಲು ದುಬೈಯಲ್ಲಿ ನಟಿಸಲು ಹೆಂಗಸರು ಸಿಗದೆ ಗಂಡಸರು ಸೀರೆ ಉಟ್ಟರಂತೆ. ಆಮೇಲೆ ಹೆಂಗಸರೂ ಬಂದರು. ಆದರೆ ಸುಶಾಂತನಂಥವರು ಸೀರೆ ಬಿಡಲಿಲ್ಲ, ನನ್ನಂಥವರು ಸೀರೆ ಕೇಳಲಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಅಕ್ಕನ ಮಗುವನ್ನು ನೋಡಿಕೊಳ್ಳಲು ದುಬೈಯ ಮಿರ್ದಿಫ್ ಬಡಾವಣೆಗೆ ಬಂದ ನನಗೆ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ. ಇನ್‌ಸ್ಪೆಕ್ಟರ್ ಪಾತ್ರಕ್ಕೆ ಮಾತು ಕಡಿಮೆ, ಮೀಸೆ ದೊಡ್ಡದು.

ನಾವು ಎಂಥವರೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಲ್ಲಿ ಹೇಳುವಂತೆಯೂ ಇರಲಿಲ್ಲ. ‘ಹಾಸ್ಯ ನಾಟಕ’ ಎಂದರೆ ಸಾಕಾಗುತ್ತಿತ್ತು. ಆದರೂ ಮಿರ್ದಿಫ್‌ನ ಆಂಟಿಯರು ಸೀರೆಯ ನೆರಿಗೆ ಹಿಡಿಯಲು ಕಲಿತದ್ದು ಸುಶಾಂತನಿಂದ. ಪಕ್ಕದ ವಿಲ್ಲಾದ ನಫೀಸಮ್ಮ ಗಂಡನಿಗೆ ಹೇಳದೆ ತಮ್ಮ ಜುಮುಕಿಯನ್ನು ಅವನಿಗೆ ಕೊಡುತ್ತಿದ್ದರು.

ಎರಡು ಸಾವಿರದ ಹದಿನೈದರ ಚಳಿಗಾಲದ ಪ್ರದರ್ಶನ. ನನ್ನ ಪಾತ್ರ ಮುಗಿಸಿ, ಮೀಸೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತೆ. ಪಕ್ಕದಲ್ಲಿ ಪೂವಪ್ಪನವರು, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದವರು. ಅವರ ಮಗ ಸುಜಿತ್ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಿಂದ ಪ್ರತಿ ಶುಕ್ರವಾರ ನಮ್ಮ ರಿಹರ್ಸಲ್‌ಗೆ ಬರುತ್ತಿದ್ದ. ಬರುವುದು ಸುಶಾಂತನಿಗಾಗಿ ಎಂದು ತಂಡಕ್ಕೆಲ್ಲ ಗೊತ್ತಿತ್ತು. ಅಪ್ಪನಿಗೆ ಮಾತ್ರ ತಿಳಿಯಬಾರದೆಂದು ಸುಜಿತ್ ನಮ್ಮೆಲ್ಲರಿಂದ ಆಣೆ ಹಾಕಿಸಿಕೊಂಡಿದ್ದ.

“ಇನ್‌ಸ್ಪೆಕ್ಟರೇ,” ಪೂವಪ್ಪನವರು ವೇದಿಕೆಯ ಮೇಲೆ ಸೀರೆಯಲ್ಲಿದ್ದ ಸುಶಾಂತನನ್ನು ತೋರಿಸಿ ಪಿಸುಗುಟ್ಟಿದರು, “ಆ ಹುಡುಗಿ ಯಾರ ಪೈಕಿ?”

ನಾನು ಮೀಸೆ ಸರಿಮಾಡಿಕೊಂಡೆ.

“ನೋಡಿ ಮಾರಾಯ್ರೆ, ಊರಲ್ಲಿ ತೋರಿಸಿದವರನ್ನೆಲ್ಲ ಬೇಡ ಅಂದವ ನನ್ನ ಮಗ. ಇವತ್ತು ಅಲ್ಲಿ ವೇದಿಕೆಯ ಪಕ್ಕ ನಿಂತು ರೆಪ್ಪೆ ಬಡಿಯದೆ ನೋಡ್ತಾ ಇದ್ದಾನೆ. ಇಂಟರ್ವಲ್‌ನಲ್ಲೇ ಇವನ ಅಮ್ಮನಿಗೆ ಫೋನು ಮಾಡಿದೆ, ಹುಡುಗಿ ಸಿಕ್ಕಿದ್ದಾಳೆ ಅಂತ. ಈಗಲೇ ಹೋಗಿ ಕೇಳಿಬಿಡುವ.”

“ಮಾಫಿ,” ಎಂದೆ. ಇಲ್ಲ ಎನ್ನಲು ಬಾಯಿಗೆ ಬಂದದ್ದು ಆ ಅರಬ್ಬಿ ಮಾತೊಂದೇ.

“ಎಂತ ಮಾಫಿ? ಮದುವೆ ಆಗಿದೆಯಾ?”

“ಇಲ್ಲ.”

“ಮತ್ತೆಂತ?”

ತೆರೆ ಬಿದ್ದದ್ದೇ ಎದ್ದು ನಡೆದರು. ನಾನು ಹಿಂದೆಯೇ ಓಡಿದೆ, ಆದರೆ ಅವರು ಬಣ್ಣದ ಕೋಣೆಯ ಬಾಗಿಲು ತೆರೆದಾಗಿತ್ತು. ಒಳಗೆ ವಿಗ್ ಸುಶಾಂತನ ಮಡಿಲಲ್ಲಿತ್ತು. ಸುಜಿತ್ ಅವನ ಕಿವಿಯಿಂದ ನಫೀಸಮ್ಮನ ಜುಮುಕಿಯನ್ನು ನೋವಾಗದಂತೆ ಬಿಚ್ಚುತ್ತಿದ್ದ.

ಪೂವಪ್ಪನವರು ವಿಗ್ ನೋಡಿದರು, ಸುಶಾಂತನ ಗಡ್ಡದ ನೆರಳು ನೋಡಿದರು, ಆಮೇಲೆ ಮಗನ ಕೈ ನೋಡಿದರು. ವೇಷದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

“ಅಪ್ಪ, ಇವ ಸುಶಾಂತ್.” ಸುಜಿತ್ ಕೈ ಹಿಂದೆ ಸರಿಸಲಿಲ್ಲ.

“ಕಾಣ್ತದೆ.”

ಆಮೇಲೆ, ಕೇಳಲೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನೇ ಕೇಳಿದರು: “ಅಡುಗೆ ಬರ್ತದಾ?”

“ಕೋಳಿ ಸುಕ್ಕ ಮಾಡ್ತೇನೆ ಅಂಕಲ್.”

ಅಷ್ಟರಲ್ಲಿ ಫೋನು ಬಂತು, ಊರಿನಿಂದ ಸುಜಿತ್‌ನ ಅಮ್ಮ ಚಂದ್ರಮತಿಯಮ್ಮ. “ಹಾಂ, ನೋಡಿದೆ,” ಎಂದರು ಪೂವಪ್ಪನವರು. “ಇನ್ನು ಇವನಿಗೆ ಹುಡುಗಿ ಹುಡುಕುವುದು ಖಲಾಸ್. ಯಾಕಂತ ಊರಿಗೆ ಬಂದು ಹೇಳ್ತೇನೆ, ನನಗೂ ಸ್ವಲ್ಪ ಸಮಯ ಬೇಕು. ಊಟದ ಚಿಂತೆ ಬೇಡ, ಸುಕ್ಕ ಮಾಡುವವರು ಇದ್ದಾರೆ.”

ಸುಜಿತ್ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಪೂವಪ್ಪನವರು ಏಳುತ್ತಾ ನನ್ನತ್ತ ನೋಡಿದರು. “ನೀವು ಗಂಡಸಾಗಿ ಒಂದು ಮಾತು ಮೊದಲೇ ಹೇಳಬಾರದಿತ್ತಾ?”

ನಾನು ಮೀಸೆ ಕಿತ್ತು ಕೈಯಲ್ಲಿ ಹಿಡಿದೆ, ಟೋಪಿ ತೆಗೆದಾಗ ಜಡೆ ಬೆನ್ನಿಗೆ ಬಿತ್ತು.

ಅವರು ಮತ್ತೆ ಪೆಟ್ಟಿಗೆಯ ಮೇಲೆ ಕುಳಿತರು. “ಸ್ವಲ್ಪ ನೀರು ಕೊಡಿ,” ಎಂದರು.