ಹದ ನೋಡಿದ ಕೈ

ಖಾರದ ಪುಡಿ ಗಿರಣಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಅವಳು ದೊಡ್ಡಕ್ಕ. ಹನ್ನೆರಡು ವರ್ಷದಿಂದ ಅದೇ ಕಿಟಕಿಯ ಕೆಳಗೆ, ಅದೇ ಗೋಣಿತಟ್ಟಿನ ಮೇಲೆ ಕೂತವಳು. ಕೈಗವಸು ಹಾಕಿದರೆ ತೊಟ್ಟು ಜಾರುತ್ತದೆಂದು ಬರಿಗೈಯಲ್ಲೇ ಬಿಡಿಸುತ್ತಿದ್ದಳು. ಹೊಸಬಳೊಬ್ಬಳು ಕೈ ಉರಿಯೆಂದು ಅತ್ತರೆ, "ನಾಲ್ಕು ದಿನ ತಡ್ಕೊಳ್ಳೇ ತಾಯಿ. ಆಮೇಲೆ ಕೈ ನಿನ್ನ ಮಾತು ಕೇಳುತ್ತೆ, ಗಂಡ ಕೇಳದಿದ್ರೂ" ಎಂದು ನಗಿಸುವಳು. ತನ್ನ ಕೈಯ ಉರಿ ಎಂದೋ ಹೋಯಿತೆಂದೇ ಅವಳ ನಂಬಿಕೆ. ಗಿರಣಿಯಲ್ಲೂ ಮನೆಯಲ್ಲೂ ಅವಳು ಕೈ ತೊಳೆಯುವುದೆಲ್ಲ ತಣ್ಣೀರಿನಲ್ಲಿ. ಆ ನಂಬಿಕೆಯನ್ನು ಅಲುಗಾಡಿಸುವಂಥದ್ದೇನೂ ನಡೆದಿರಲಿಲ್ಲ.

ಅವಳ ಗಂಡ ಬಸ್ಸಿನ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಸೀಟಿನಲ್ಲಿ ಮಲಗಿದ ಮಗು ಎದ್ದು ಕೂರಬೇಕು, ಅಂಥ ಗಂಟಲು. ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಉಳಿದದ್ದು "ಊಂ" ಎಂಬ ಒಂದು ಸದ್ದು. ಹಸಿವಿಗೂ ಅದೇ, ಬೇಸರಕ್ಕೂ ಅದೇ.

ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದರು: "ಬಲಗಡೆ ಮೈ ಸುಟ್ಟರೂ ಅವರಿಗೆ ಗೊತ್ತಾಗಲ್ಲಮ್ಮ. ಸ್ನಾನದ ನೀರು ನೀವೇ ಮುಟ್ಟಿ ನೋಡಿ ಹಾಕಿ."

ಆ ಮಾತನ್ನು ಅವಳು ದೇವರಿಗೆ ಹೊತ್ತ ಹರಕೆಯಂತೆ ನಡೆಸಿದಳು. ಗಿರಣಿಯಿಂದ ಬಂದವಳೇ ಕೈ ತೊಳೆದು, ನೀರು ಕಾಯಿಸಿ, ಬಕೆಟ್ಟಿಗೆ ಸುರಿದು ಬೆರಳು ಅದ್ದುವಳು. ಕೆಂಡ ಮುಟ್ಟಿದಂತಾಗುವುದು. ಒಂದು ಚೊಂಬು ತಣ್ಣೀರು ಬೆರೆಸುವಳು. ಇನ್ನೂ ಸುಡುವುದು. ಇನ್ನೊಂದು, ಮತ್ತೊಂದು. ಕೈ ಒಪ್ಪಿದ ಮೇಲಷ್ಟೇ ಸ್ಟೂಲಿನ ಮೇಲೆ ಕೂರಿಸಿದ ಗಂಡನ ಬೆನ್ನಿಗೆ ಹೊಯ್ಯುವಳು. ಅವನು ಗಡಗಡ ನಡುಗುತ್ತ ಎಡಗೈಯಿಂದ ಚೊಂಬನ್ನು ತಳ್ಳುವನು. ಕಣ್ಣಲ್ಲಿ ನೀರಾಡುವುದು.

"ಏನ್ರೀ, ಸ್ನಾನ ಅಂದ್ರೆ ಎಳೆಮಕ್ಕಳಿಗಿಂತ ಕಡೆ ಆದ್ರಲ್ಲ! ಕಣ್ಣಿಗೆ ನನ್ನ ಬಟ್ಟೆ ಘಾಟು ಅಷ್ಟೇ. ಇನ್ನೆರಡು ಚೊಂಬು."

ನಡುಕ ಕಾಯಿಲೆಯದೇ ಎಂದುಕೊಂಡಿದ್ದಳು.

ಚಳಿ ಬಲಿತಂತೆ ಕೆಮ್ಮು ಹತ್ತಿತು. ಸುದ್ದಿ ತಿಳಿದು ನಾದಿನಿ ಬಂದಳು. ಟವೆಲ್ ಕೊಡಲು ಬಚ್ಚಲಿಗೆ ಬಂದವಳು ಅಣ್ಣನ ನಡುಕ ಕಂಡು ಬಕೆಟ್ಟಿಗೆ ಕೈಯಿಟ್ಟಳು.

"ಅತ್ತಿಗೆ, ಇದೇನು? ನೀರು ಕೊರೀತಾ ಇದೆ!"

"ಕೊರೆಯೋದಾ? ಇನ್ನೂ ಸುಡ್ತಾ ಇದೆ ಕಣೆ. ನಿನ್ನ ಕೈಗೇನಾಗಿದೆ?"

"ನನ್ನ ಕೈಗಲ್ಲ."

ಇಬ್ಬರ ಕೈಗಳೂ ಒಂದೇ ನೀರಿನಲ್ಲಿದ್ದವು. ನಾದಿನಿ ಒಂದು ಚೊಂಬು ಎತ್ತಿ ಅತ್ತಿಗೆಯ ಪಾದದ ಮೇಲೆ ಸುರಿದಳು. ಮೆಣಸಿನಕಾಯಿ ಮುಟ್ಟದ ಪಾದ. ಚಳಿ ಮೂಳೆಗಿಳಿಯಿತು. ಸುಟ್ಟದ್ದು ನೀರಲ್ಲ, ಬಿಸಿನೀರು ಎಬ್ಬಿಸಿದ ಕೈಯೊಳಗಿನ ಖಾರ. ಎರಡು ತಿಂಗಳ ನಡುಕವೆಲ್ಲ ಏನೆಂದು ಅವಳಿಗೆ ಆಗ ತಿಳಿಯಿತು. ಸ್ಟೂಲಿನ ಮೇಲಿದ್ದವನು ಅವಳನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ, ಅದೇ ಅವಳನ್ನು ಕೊಂದದ್ದು.

ಅಂದೇ ಆಸ್ಪತ್ರೆಗೆ ಸೇರಿಸಿದರು. "ಎದೆ ಕಟ್ಟಿದೆ" ಎಂದರು ಡಾಕ್ಟರು. "ಮಲಗಿದವರಿಗೆ ಹೀಗಾಗೋದುಂಟು. ನೀರಿಂದಲೇ ಅಂತ ಹೇಳೋಕಾಗಲ್ಲಮ್ಮ." ಅವಳು ತಲೆಯಾಡಿಸಿದಳು. ಮಾತು ಒಳಗಿಳಿಯಲಿಲ್ಲ.

ಗಿರಣಿಯ ಕಡೆ ಹೋಗಲಿಲ್ಲ. ಆಸ್ಪತ್ರೆಯ ನಲ್ಲಿಯಲ್ಲಿ ಸೋಪು ಹಚ್ಚಿ ಹಚ್ಚಿ ಕೈ ಉಜ್ಜಿದಳು; ಚರ್ಮ ಕೆಂಪೇರಿ ಉರಿ ಹೆಚ್ಚಿತೇ ಹೊರತು ಇಳಿಯಲಿಲ್ಲ. "ದೇವರೇ, ಶಿಕ್ಷೆ ನನಗಿರಲಿ, ಉಸಿರು ಅವರಿಗಿರಲಿ" ಎಂದು ಮಂಚದ ಪಕ್ಕ ಕೂತು ಗಂಡನ ಕೈ ಹಿಡಿದುಕೊಂಡಳು.

ಮೂರನೆಯ ಬೆಳಗ್ಗೆ ನಾದಿನಿ ಹಾಲು ತಂದಳು.

"ಸದ್ದು ಮಾಡ್ಬೇಡ ಕಣೆ. ರಾತ್ರಿಯೆಲ್ಲ ಕೆಮ್ಮಿ ಈಗ ನಿದ್ದೆ ಹತ್ತಿದೆ. ಕೈಯೂ ಬೆಚ್ಚಗಿದೆ."

ನಾದಿನಿ ಲೋಟ ಕೆಳಗಿಟ್ಟು ಅಣ್ಣನ ಹಣೆ ಮುಟ್ಟಿದಳು. ಕೆನ್ನೆ ಮುಟ್ಟಿದಳು. ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು.

"ಅತ್ತಿಗೆ, ಕೈ ಬಿಡಿ."

"ಬೆಚ್ಚಗಿದಾರೆ ಕಣೆ," ಎಂದಳು ಅವಳು, ಇನ್ನಷ್ಟು ಬಿಗಿಯಾಗಿ ಹಿಡಿದು. "ನನ್ನ ಕೈಗೆ ಗೊತ್ತಾಗಲ್ವಾ?"