ಚೆಂಡುಹೂವಿನ ಹಾರದ ಮರೆಯಲ್ಲಿ

ಹ್ಯೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್ ಊರಿನ ಚಿದಾನಂದ್‌ಗೆ ಕಾರಿನ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಹಮ್ಮು. ಹ್ಯೂಸ್ಟನ್ನಿನ ಕನ್ನಡಿಗರು ಕಾರು ಕೊಳ್ಳುವ ಮುಂಚೆ ಇವನನ್ನು ಕೇಳುತ್ತಿದ್ದರು. ಕೇಳದವರಿಗೂ ಇವನು ಹೇಳುತ್ತಿದ್ದ. ಆಫೀಸಿನಲ್ಲಿ ಯಾರೂ ಕಿವಿಗೊಡದ, ಮನೆಯಲ್ಲಿ ಮಕ್ಕಳು ಹೆಡ್‌ಫೋನ್ ತೆಗೆಯದ ಮನುಷ್ಯನಿಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಆಯುಧಪೂಜೆಯ ಬೆಳಿಗ್ಗೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಹೆಂಡತಿ ನಿವೇದಿತಾ ತಮ್ಮ ಹೊಸ ಜರ್ಮನ್ ಎಲೆಕ್ಟ್ರಿಕ್ ಕಾರಿಗೆ ಹಾರ ಕಟ್ಟುತ್ತಿದ್ದಳು. ಕಂಪನಿಯ ಲಾಂಛನ ಮುಚ್ಚದಂತೆ ಕೆಳಗೆ ಕಟ್ಟೆಂದು ಚಿದಾನಂದ್ ಮತ್ತೆ ಮತ್ತೆ ಹೇಳಿದ. ದೇವರಿಗೇನು, ಯಾವ ಕಾರಾದರೂ ಒಂದೇ, ಜನಕ್ಕೆ ಗೊತ್ತಾಗಬೇಡವೇ?

ಪಕ್ಕದಲ್ಲಿ ಅವಳ ತಮ್ಮ ಪ್ರಶಾಂತನ ಕಾರು ನಿಂತಿತ್ತು. ಮೆಕ್ಸಿಕೊದಲ್ಲಿ ಕೆಲಸದಲ್ಲಿರುವ ಅವನು ಹಬ್ಬಕ್ಕೆಂದು ಡ್ರೈವ್ ಮಾಡಿಕೊಂಡು ನೇರ ಇಲ್ಲಿಗೇ ಬಂದಿದ್ದ. ಸ್ವಯಂಸೇವಕರು ಅದರ ಮೂತಿಗೆ ದಪ್ಪ ಚೆಂಡುಹೂವಿನ ಹಾರ ಹೇರಿ, ಸ್ಟೀರಿಂಗಿನ ನಡುವೆ ಅಂಗೈಯಗಲ ಕುಂಕುಮ ಬಳಿದಿದ್ದರು. ಚಿದಾನಂದ್ ಬಾಗಿಲು ತೆಗೆದು ಹಾಕಿದ, ಸೀಟು ಒತ್ತಿದ, ಕಣ್ಣು ಮುಚ್ಚಿ ತಲೆದೂಗಿದ. ಸುತ್ತ ನಿಂತವರಿಗೆ ಪಾಠ ಶುರುವಾಯಿತು.

“ಬಾಗಲಾ ಹಾಕಿದ ಸಪ್ಪಳ ಕೇಳ್ರಿ. ಇದು ಜರ್ಮನಿಯವರ ಕೆಲಸ. ಚೀನಾದವ್ರು ಏಳು ಜನ್ಮ ಎತ್ತಿ ಬಂದ್ರೂ ಆಗೂದಿಲ್ಲ.”

ಪ್ರಶಾಂತ್ ಏನೋ ಹೇಳಲು ಬಾಯಿ ತೆರೆದ. ಚಿದಾನಂದ್ ಸುಮ್ಮನಿರುವಂತೆ ಕೈ ಮಾಡಿ, ಒಳ್ಳೆಯ ಕಾರು ಆರಿಸಿದ್ದಕ್ಕೆ ಅವನ ಬೆನ್ನು ತಟ್ಟಿದ.

ಭಟ್ಟರು ಚಕ್ರದಡಿ ನಿಂಬೆಹಣ್ಣು ಇಟ್ಟು ಬದಿಗೆ ಸರಿದರು. ಪ್ರಶಾಂತನ ಕಾರು ಸದ್ದಿಲ್ಲದೆ ಮುಂದೆ ಸರಿಯಿತು, ನಿಂಬೆಹಣ್ಣು ಪಚಕ್ಕೆಂದಿತು, ಗಂಟು ಬಿಚ್ಚಿಕೊಂಡು ಹಾರ ಕೆಳಗೆ ಜಾರಿತು. ಅದರ ಹಿಂದೆ ಇದ್ದದ್ದು ಚೀನಾದ ಕಂಪನಿಯ ಹೆಸರು.

“ಆಗ್ಲೇ ಹೇಳಬೇಕಂತಿದ್ದೆ ಮಾಮಾ,” ಪ್ರಶಾಂತ್ ಇಳಿದು ಬಂದು ತಲೆ ಕೆರೆದುಕೊಂಡ. “ನಿಮ್ಮ ಕಾರಿನ ಅರ್ಧ ರೊಕ್ಕಾನೂ ಬಿದ್ದಿಲ್ಲ ಇದಕ್ಕ.”

ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಒಬ್ಬೊಬ್ಬರಾಗಿ ಆ ಕಾರಿನ ಬಾಗಿಲು ತೆಗೆದು ಹಾಕಿ, ಚಿದಾನಂದ್ ಕಲಿಸಿಕೊಟ್ಟಂತೆಯೇ ಕಣ್ಣು ಮುಚ್ಚಿ ಸಪ್ಪಳ ಕೇಳತೊಡಗಿದರು. ಇಂಥದ್ದು ಅಮೆರಿಕದಲ್ಲಿ ಸಿಗುವುದಿಲ್ಲವಲ್ಲ ಎಂದು ಹಳಹಳಿಸಿದರು. ಇಷ್ಟು ದಿನ ತನ್ನ ಮಾನ ಕಾಯ್ದದ್ದು ಜಾಣತನವಲ್ಲ, ಚೀನಾದ ಕಾರು ಒಳಗೆ ಬಾರದಂತೆ ಸರ್ಕಾರ ಹೇರಿದ ಸುಂಕ ಎಂದು ಹೊಳೆದು ಚಿದಾನಂದ್‌ಗೆ ತನ್ನ ಮೇಲೆ ತನಗೇ ನಗು ಬಂತು. ನಾಚಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಭಟ್ಟರು ಅವನ ಕಾರಿನತ್ತ ತಿರುಗಿದರು. ಲಾಂಛನ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದನ್ನು ಕಂಡವರು ಅವನ ಮುಖ ನೋಡಿ, ಪಾಪ, ಬೇರೆ ಕಡೆ ತಿರುಗಿಕೊಂಡರು.

“ನಿವೇದಿತಾ,” ಎಂದು ಮೆಲ್ಲಗೆ ಕರೆದ, “ಹಾರ ಒಂಚೂರು ಮ್ಯಾಲೆ ಕಟ್ಟು.”